ಪಿಎಚ್‌ಡಿಗೆ ಹಂದಿ ತೆಗೆದುಕೊಳ್ಳಲೋ, ಕುರಿ ತೆಗೆದುಕೊಳ್ಳಲೋ?

ಮೇವಿಗೂ ಸಂತಾನೋತ್ಪತ್ತಿಗೂ ಇರುವ ನಂಟಿನ ಮೇಲೆ ಸಂಶೋಧನೆ ಮಾಡಬೇಕು, ಹಂದಿಯಲ್ಲಿ ಫಲಿತಾಂಶ ಬೇಗ ಸಿಗುತ್ತದೆ, ಕುರಿಯಾದರೆ ಋತುವಿಗೆ ಕಾಯಬೇಕು, ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದವರಲ್ಲಿ ಒಬ್ಬ. ಕೊನೆಗೆ ಕುರಿಯನ್ನು ಆರಿಸಿಕೊಂಡೆ, ಒಂದು ಇಡೀ ಋತು ಕೈಬಿಟ್ಟುಹೋಯಿತು. ಆದರೆ ಅದು ಕುರಿಯಿಂದಾಗಿ ಹೋದದ್ದಲ್ಲ.

ನನ್ನ ವಿಷಯ ಫ್ಲಶಿಂಗ್. ಟಗರು ಬಿಡುವುದಕ್ಕೆ ಎರಡು ಮೂರು ವಾರ ಮೊದಲಿನಿಂದ ಹೆಣ್ಣು ಕುರಿಗಳಿಗೆ ಕಾಳು, ಹಿಂಡಿ ಹೆಚ್ಚಿಸಿದರೆ ಆ ಬೆದೆಯಲ್ಲಿ ಬಿಡುಗಡೆಯಾಗುವ ಅಂಡಗಳು ಹೆಚ್ಚುತ್ತವೆ, ಅವಳಿ ಮರಿಗಳೂ ಹೆಚ್ಚುತ್ತವೆ. ಓದಲು ಕೂತಾಗ ಇದರೊಳಗೆ ಮೂರು ಬೇರೆ ಬೇರೆ ಪರಿಣಾಮಗಳಿವೆ ಎಂದು ತಿಳಿಯಿತು. ಮೈ ತುಂಬಿಕೊಂಡ ಕುರಿ ಬಡಕಲು ಕುರಿಗಿಂತ ಹೆಚ್ಚು ಅಂಡ ಬಿಡುತ್ತದೆ, ಇದು ಒಂದು. ತೂಕ ಏರುತ್ತಿರುವ ಕುರಿ, ಅಷ್ಟೇ ತೂಕದಲ್ಲಿ ನಿಂತಿರುವ ಕುರಿಗಿಂತ ಹೆಚ್ಚು ಬಿಡುತ್ತದೆ, ಇದು ಎರಡು. ಮೂರನೆಯದೇ ನನ್ನನ್ನು ಹಿಡಿದು ನಿಲ್ಲಿಸಿದ್ದು: 17 ದಿನಗಳ ಬೆದೆಚಕ್ರದ ಕೊನೆಯ ಭಾಗದಲ್ಲಿ, ಹಳದಿ ಕಾಯ (ಪ್ರತಿ ಅಂಡ ಹೊರಬಿದ್ದ ಜಾಗದಲ್ಲಿ ಅಂಡಾಶಯದಲ್ಲಿ ಬೆಳೆಯುವ ಗಂಟು) ಕರಗುವುದಕ್ಕೆ ಮುಂಚಿನ ನಾಲ್ಕರಿಂದ ಆರು ದಿನ ಲೂಪಿನ್ ಎಂಬ ದ್ವಿದಳ ಕಾಳು ಕೊಟ್ಟರೆ ಸಾಕು, ತೂಕ ಬದಲಾಗದೆಯೂ ಅಂಡಗಳ ಸಂಖ್ಯೆ ಏರುತ್ತದೆ. ಪಶ್ಚಿಮ ಆಸ್ಟ್ರೇಲಿಯಾದವರು ಇದನ್ನು ಮತ್ತೆ ಮತ್ತೆ ತೋರಿಸಿದ್ದಾರೆ. ರಕ್ತದಲ್ಲಿ ಏರಿದ ಗ್ಲೂಕೋಸ್, ಇನ್ಸುಲಿನ್, ಲೆಪ್ಟಿನ್ ನೇರವಾಗಿ ಅಂಡಾಶಯದ ಮೇಲೆ ಕೆಲಸ ಮಾಡುತ್ತವೆ. ಇಲ್ಲದಿದ್ದರೆ ಸೊರಗಿಹೋಗುತ್ತಿದ್ದ ಕೋಶಿಕೆಗಳಲ್ಲಿ, ಅಂದರೆ ಅಂಡ ಬೆಳೆಯುವ ಪುಟ್ಟ ಚೀಲಗಳಲ್ಲಿ, ಇನ್ನೊಂದು ಉಳಿದುಕೊಳ್ಳುತ್ತದೆ.

ಎರಡು ಗುಂಪು ಮಾಡಿದೆ. ಒಂದಕ್ಕೆ ದೇಹ ನಿಭಾಯಿಸಲು ಬೇಕಾದಷ್ಟೇ ಮೇವು, ಇನ್ನೊಂದಕ್ಕೆ ಹೆಚ್ಚು ಕಾಳು. ಟಗರು ಬಿಟ್ಟ ಮೇಲೂ ಆ ಎರಡನೆಯ ಗುಂಪಿಗೆ ಕಾಳು ನಿಲ್ಲಿಸಲಿಲ್ಲ. ತಪ್ಪು ಇದೇ, ಇದೊಂದೇ. ಯಾಕೆ ಹಾಗೆ ಮಾಡಿದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಆಗ ನನಗೆ ಅದು ಎಚ್ಚರಿಕೆಯ ಕ್ರಮವಾಗಿಯೇ ಕಂಡಿತ್ತು. ಬೆದೆ ಮುಗಿದ ಕೂಡಲೇ ಮೇವು ಇಳಿಸಿದರೆ ಆ ಇಳಿಕೆಯೇ ಇನ್ನೊಂದು ಪ್ರಯೋಗವಾಗುತ್ತದೆ, ಕುರಿಗಳಿಗೆ ಒತ್ತಡವಾಗುತ್ತದೆ, ಆದ್ದರಿಂದ ಒಂದೇ ಸಮ ಕೊಡುವುದು ಶುದ್ಧ ವಿನ್ಯಾಸ ಎಂದುಕೊಂಡೆ. ಇಳಿಸದೆ ಇರುವುದೂ ಒಂದು ಪ್ರಯೋಗವೇ ಎಂದು ಹೊಳೆಯಲಿಲ್ಲ.

ಲ್ಯಾಪರೊಸ್ಕೋಪ್ ಇಟ್ಟು ಹಳದಿ ಕಾಯಗಳನ್ನು ಎಣಿಸಿದಾಗ ಕಾಳು ತಿಂದ ಗುಂಪಿನಲ್ಲಿ ಅವು ಸ್ಪಷ್ಟವಾಗಿ ಹೆಚ್ಚಿದ್ದವು. ಐದು ತಿಂಗಳ ನಂತರ ಮರಿ ಎಣಿಸಿದಾಗ ಎರಡೂ ಗುಂಪು ಸಮ. ನಡುವೆ ನಾನು ರಕ್ತ ತೆಗೆದಿರಲಿಲ್ಲ, ಸ್ಕ್ಯಾನ್ ಮಾಡಿಸಿರಲಿಲ್ಲ. "ಹೆಚ್ಚಿಗೆ ಬಿಟ್ಟ ಅಂಡಗಳು ಎಲ್ಲಿ ಹೋದವು?" ಎಂದು ಸಮಿತಿಯಲ್ಲಿ ಕೇಳಿದರು. ಫಲವಾಗಲೇ ಇಲ್ಲವೋ, ಹನ್ನೆರಡನೆಯ ದಿನದೊಳಗೆ ಹೋದವೋ, ಗರ್ಭಕೋಶಕ್ಕೆ ಅಂಟಿದ ಮೇಲೆ ಹೋದವೋ, ನನ್ನ ಬಳಿ ಒಂದಕ್ಕೂ ಉತ್ತರ ಇರಲಿಲ್ಲ. ಕುರಿ ಹಗಲು ಕುಗ್ಗುವ ಕಾಲದಲ್ಲಿ ಬೆದೆಗೆ ಬರುವ ಪ್ರಾಣಿ, ಮುಂದಿನ ಋತುವಿನವರೆಗೆ ಕೈಕಟ್ಟಿ ಕೂರಬೇಕಾಯಿತು.

ಒಳಗೆ ಏನಾಗಿರಬೇಕು ಎಂಬುದನ್ನು ಆ ಬಿಡುವಿನಲ್ಲಿ ಓದಿದೆ. ಅಂಡ ಬಿಡುಗಡೆಯಾದ ಮೇಲೆ ಹಳದಿ ಕಾಯ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಅದರ ಬಲದಿಂದ ಗರ್ಭಕೋಶದ ಒಳಪದರ ಪೋಷಕ ದ್ರವವನ್ನು ಸ್ರವಿಸುತ್ತದೆ. ಭ್ರೂಣ ಆಗಿನ್ನೂ ಎಲ್ಲಿಯೂ ಅಂಟಿರುವುದಿಲ್ಲ, ಆ ದ್ರವವನ್ನೇ ಉಂಡು ಬೆಳೆಯುತ್ತದೆ. ಹನ್ನೊಂದು ಹನ್ನೆರಡನೆಯ ದಿನದ ಹೊತ್ತಿಗೆ ಉದ್ದಕ್ಕೆ ಎಳೆದುಕೊಳ್ಳಲು ತೊಡಗಿ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಬಿಡುತ್ತದೆ. ತಾಯಿಯ ದೇಹಕ್ಕೆ ಗಬ್ಬದ ಸುದ್ದಿ ಮುಟ್ಟುವುದು ಇದರಿಂದಲೇ. ಭ್ರೂಣ ಹಿಂದೆ ಬಿದ್ದಿದ್ದರೆ ಸುದ್ದಿ ತಡವಾಗುತ್ತದೆ, ಅಷ್ಟರಲ್ಲಿ ಗರ್ಭಕೋಶದಿಂದ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬಂದು ಹಳದಿ ಕಾಯವನ್ನು ಕರಗಿಸಿ ಕುರಿಯನ್ನು ಮತ್ತೆ ಬೆದೆಗೆ ತರುತ್ತದೆ.

ಮೇವು ಹೆಚ್ಚಾದಾಗ ಕರುಳು ಮತ್ತು ಪಿತ್ತಜನಕಾಂಗದಲ್ಲಿ ರಕ್ತದ ಹರಿವು ಏರುತ್ತದೆ. ಪ್ರೊಜೆಸ್ಟೆರಾನನ್ನು ಒಡೆದು ಹಾಕುವುದು ಪಿತ್ತಜನಕಾಂಗ. ತೊಟ್ಟಿಗೆ ಬರುವ ನೀರು ಅಷ್ಟೇ ಇದ್ದು ಕೆಳಗಿನ ತೂತು ದೊಡ್ಡದಾದರೆ ಮಟ್ಟ ಇಳಿಯುತ್ತದಲ್ಲ, ಹಾಗೆ ರಕ್ತದ ಪ್ರೊಜೆಸ್ಟೆರಾನ್ ಇಳಿಯುತ್ತದೆ. 1987ರಲ್ಲಿ ಆಸ್ಟ್ರೇಲಿಯಾದ ಪಾರ್ ಮತ್ತು ಸಂಗಡಿಗರು ಮೆರಿನೋ ಕುರಿಗಳಿಗೆ ಟಗರು ಹಾರಿದ ಮೇಲೆ ನಿಭಾವಣೆ ಮೇವಿನ ಶೇ. 25, ಶೇ. 100, ಶೇ. 200 ಹೀಗೆ ಮೂರು ಮಟ್ಟದಲ್ಲಿ ಕೊಟ್ಟು ನೋಡಿದ್ದರು. ಗಬ್ಬ ಕಟ್ಟುವುದು ಕುಸಿದದ್ದು ಶೇ. 200ರ ಗುಂಪಿನಲ್ಲಿ. ಹೊರಗಿನಿಂದ ಪ್ರೊಜೆಸ್ಟೆರಾನ್ ಕೊಟ್ಟಾಗ ಆ ಗುಂಪು ಚೇತರಿಸಿಕೊಂಡಿತು. ಅಂದರೆ ನನ್ನ ಕಾಳು ಟಗರು ಬಿಡುವ ಮೊದಲು ಅಂಡ ಕೂಡಿಸಿತ್ತು, ಆಮೇಲೆ ಭ್ರೂಣ ಕಳೆದಿರಬೇಕು. ಕೂಡಿದ್ದೂ ಕಳೆದದ್ದೂ ಒಂದಕ್ಕೊಂದು ತೀರಿ ಹೋದಾಗ ವರದಿಯಲ್ಲಿ "ಪರಿಣಾಮವಿಲ್ಲ" ಎಂದು ಬರೆಯುವಂತಾಗುತ್ತದೆ. ಎರಡು ದೊಡ್ಡ ಪರಿಣಾಮಗಳಿದ್ದ ಜಾಗ ಅದು.

ಮುಂದಿನ ಋತುವಿನಲ್ಲಿ ನಾಲ್ಕು ಗುಂಪು ಮಾಡಿದೆ: ಮೊದಲು ಹೆಚ್ಚು–ಆಮೇಲೆ ಸಾಧಾರಣ, ಮೊದಲು ಸಾಧಾರಣ–ಆಮೇಲೆ ಹೆಚ್ಚು, ಎರಡೂ ಹೆಚ್ಚು, ಎರಡೂ ಸಾಧಾರಣ. ಹನ್ನೊಂದು ಹನ್ನೆರಡನೆಯ ದಿನ ರಕ್ತ ತೆಗೆದೆ, ನಂತರ ಸ್ಕ್ಯಾನ್, ನಂತರ ಮರಿ. ಆ ಸಲ ಹೋದದ್ದು ಎಲ್ಲಿ ಹೋಯಿತು ಎಂದು ಹೇಳಲು ಬಂತು.

ಈಗ ನಿಮ್ಮ ಹಂದಿಗೆ ಬರುತ್ತೇನೆ. 21 ದಿನದ ಚಕ್ರ, ಸುಮಾರು 114 ದಿನದ ಗಬ್ಬ, ವರ್ಷವಿಡೀ ಬೆದೆ, ಇದೆಲ್ಲ ನಿಜ. ಆದರೆ ಅದರಿಂದ ಉತ್ತರ ಬೇಗ ಸಿಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತಪ್ಪು ವಿನ್ಯಾಸದ ಪ್ರಯೋಗ ಬೇಗ ಮುಗಿದರೆ ಬೇಗ ಸಿಗುವುದು ತಪ್ಪು ಉತ್ತರ. ಹಂದಿ ಒಂದು ಬೆದೆಯಲ್ಲಿ ಇಪ್ಪತ್ತರ ಆಸುಪಾಸಿನಲ್ಲಿ ಅಂಡ ಬಿಡುತ್ತದೆ, ಅವುಗಳಲ್ಲಿ ಶೇ. 30ರಿಂದ 40ರಷ್ಟು ಹುಟ್ಟುವ ಮೊದಲೇ ಹೋಗುತ್ತವೆ. ಗರ್ಭಕೋಶದಲ್ಲಿ ಇರುವ ಜಾಗವೂ ಒಂದು ಮಿತಿ ಹಾಕುತ್ತದೆ. ಹುಟ್ಟಿದ ಮರಿಗಳನ್ನು ಮಾತ್ರ ಎಣಿಸಿದರೆ ನನ್ನ ಕುರಿಗಳಲ್ಲಿ ಆದದ್ದೇ ನಿಮ್ಮ ಹಂದಿಗಳಲ್ಲೂ ಆಗುತ್ತದೆ.

ಕುರಿಯಲ್ಲಿ ಕಲಿತ ನಿಯಮವನ್ನು ಹಂದಿಗೆ ಹಾಗೇ ಹೊತ್ತುಕೊಂಡು ಹೋಗಲೂ ಬೇಡಿ. 1990ರ ದಶಕದಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ನಡೆದ ಕೆಲಸ, ಗಂಡು ಕೂಡಿದ ಮೊದಲ ಮೂರು ದಿನ ಹೆಚ್ಚು ತಿಂದ ಎಳೆಯ ಹೆಣ್ಣು ಹಂದಿಗಳಲ್ಲಿ ಭ್ರೂಣ ಉಳಿಯುವುದು ಕಡಿಮೆ ಎಂದು ತೋರಿಸಿತು. ಆಮೇಲೆ ಆಸ್ಟ್ರೇಲಿಯಾದಲ್ಲಿ ಇದಕ್ಕೆ ತಿರುಗುಮುರುಗಾದ ಫಲಿತಾಂಶವೂ ಬಂತು. ಹಂದಿಯಲ್ಲಿ ಅಂಡಾಶಯದ ಪ್ರೊಜೆಸ್ಟೆರಾನಿನ ಒಂದು ಪಾಲು ಅಕ್ಕಪಕ್ಕದ ರಕ್ತನಾಳಗಳ ಮೂಲಕ ಪಿತ್ತಜನಕಾಂಗವನ್ನು ಹಾಯದೆ ನೇರ ಗರ್ಭಕೋಶಕ್ಕೆ ಮುಟ್ಟುತ್ತದೆ, ಹಾಗಾಗಿ ಕುತ್ತಿಗೆಯ ರಕ್ತದಲ್ಲಿ ಅಳೆದದ್ದು ಪೂರ್ತಿ ಕಥೆ ಹೇಳುವುದಿಲ್ಲ. ಗಬ್ಬದ ಸುದ್ದಿಯೂ ಬೇರೆ ರೀತಿ: ಅಲ್ಲಿ ಭ್ರೂಣಗಳು ಕಳಿಸುವುದು ಈಸ್ಟ್ರೋಜೆನ್. ನಾಲ್ಕಕ್ಕಿಂತ ಕಡಿಮೆ ಭ್ರೂಣಗಳಿದ್ದರೆ ಸಾಮಾನ್ಯವಾಗಿ ಗಬ್ಬ ನಿಲ್ಲುವುದಿಲ್ಲ.

ನನ್ನನ್ನು ಕೇಳಿದರೆ ಹಂದಿಯಲ್ಲಿ ನಿಜವಾದ ಕೆಲಸ ಇರುವುದು ಹಾಲೂಡಿಸುವ ದಿನಗಳಲ್ಲಿ. ಹತ್ತಾರು ಮರಿಗಳಿಗೆ ಹಾಲು ಕೊಡುವ ಚೊಚ್ಚಲ ಹಂದಿ ತಾನೂ ಇನ್ನೂ ಬೆಳೆಯುತ್ತಿರುತ್ತದೆ, ತಿಂದದ್ದು ಸಾಲದೆ ಮೈ ಕರಗಿಸಿ ಹಾಲು ಮಾಡುತ್ತದೆ. ಮರಿಗಳು ಮೊಲೆ ಹಿಡಿಯುತ್ತಿರುವವರೆಗೆ ಕೋಶಿಕೆಗಳನ್ನು ಬೆಳೆಸುವ ಎಲ್‌ಎಚ್ ಹಾರ್ಮೋನಿನ ಮಿಡಿತ ಅದುಮಿರುತ್ತದೆ, ಹಸಿವು ಅದನ್ನು ಇನ್ನಷ್ಟು ಅದುಮುತ್ತದೆ. ಹಾಲು ಬಿಡಿಸಿದ ನಾಲ್ಕರಿಂದ ಆರು ದಿನಕ್ಕೆ ಬೆದೆ ಬಂದಾಗ ಹೊರಬರುವ ಅಂಡಗಳು ಆ ಬಡತನದಲ್ಲಿ ಬೆಳೆದ ಕೋಶಿಕೆಗಳವು. ಹಾಲೂಡಿಸುವ ಕೊನೆಯ ವಾರ ಮಾತ್ರ ಮೇವು ಕಡಿತವಾದರೂ ಮುಂದಿನ ಗಬ್ಬದಲ್ಲಿ ಭ್ರೂಣಗಳು ಕಡಿಮೆ ಉಳಿಯುತ್ತವೆ. ಎರಡನೆಯ ಸೂಲಿನಲ್ಲಿ ಮರಿ ಕಡಿಮೆಯಾಗುವುದರ ಒಂದು ಬೇರು ಇಲ್ಲಿದೆ.

ಆದ್ದರಿಂದ ಹಂದಿಯೋ ಕುರಿಯೋ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡಿ. ಯಾವ ದಿನದಿಂದ ಯಾವ ದಿನದವರೆಗೆ ಮೇವು ಬದಲಿಸುತ್ತೀರಿ, ಆ ದಿನಗಳಲ್ಲಿ ಕೋಶಿಕೆ ಅಥವಾ ಭ್ರೂಣ ಯಾವ ಹಂತದಲ್ಲಿರುತ್ತದೆ ಎಂದು ಒಂದು ಹಾಳೆಯ ಮೇಲೆ ಬರೆಯಿರಿ. ಕುರಿಯ ಕೋಶಿಕೆ ಆರಂಭದ ಹಂತದಿಂದ ಅಂಡ ಬಿಡುವವರೆಗೆ ಸುಮಾರು ಆರು ತಿಂಗಳು ಬೆಳೆಯುತ್ತದೆ. ಟಗರಿನ ವೀರ್ಯಾಣು ತಯಾರಾಗಲು ಏಳು ವಾರ ಬೇಕು, ಹೆಣ್ಣಿಗೆ ಮಾತ್ರ ಕಾಳು ಹಾಕಿ ಟಗರನ್ನು ಮರೆತವರನ್ನು ನಾನು ಕಂಡಿದ್ದೇನೆ. ಹಾಳೆಯ ಮೇಲೆ ದಿನಗಳು ಬಿದ್ದಾಗ ಪ್ರಾಣಿ ಯಾವುದು ಎಂಬುದು ತಾನಾಗಿ ಇತ್ಯರ್ಥವಾಗುತ್ತದೆ.

ನಿಮ್ಮ ಗೈಡ್ ಹೊಸ ಪುಡಿಯೊಂದನ್ನು ಆಹಾರಕ್ಕೆ ಬೆರೆಸಿ ಮರಿ ಎಣಿಸುವ ಪ್ರಯೋಗ ಕೊಡುತ್ತಾರೆ ಎಂದೂ ಬರೆದಿದ್ದೀರಿ. ಸಾಧ್ಯವಾದರೆ ಬೇಡ ಎನ್ನಿ. ಗಬ್ಬ ಕಟ್ಟುವ ಪ್ರಮಾಣ ಶೇ. 70ರಿಂದ ಶೇ. 80ಕ್ಕೆ ಏರಿತು ಎಂದು ನಂಬಿಕೆಯಿಂದ ತೋರಿಸಲು ಗುಂಪಿಗೆ ಸುಮಾರು 290 ಪ್ರಾಣಿ ಬೇಕಾಗುತ್ತವೆ, ಅಷ್ಟು ಯಾವ ವಿದ್ಯಾರ್ಥಿಗೂ ಸಿಗುವುದಿಲ್ಲ. ಒಂದೇ ತೊಟ್ಟಿಯ ಮೇವು ಹತ್ತು ಹಂದಿ ಹಂಚಿಕೊಂಡು ತಿಂದರೆ ಲೆಕ್ಕಕ್ಕೆ ಬರುವುದು ಆ ಒಂದು ಕೊಟ್ಟಿಗೆ, ಹತ್ತು ಹಂದಿಯಲ್ಲ. ಕಡಿಮೆ ಪ್ರಾಣಿ ಇದ್ದಾಗ ಒಂದೊಂದಕ್ಕೂ ಬೇರೆ ಮೇವು ಹಾಕಿ, ಅಂಡದ ಸಂಖ್ಯೆ, ಪ್ರೊಜೆಸ್ಟೆರಾನ್, ಭ್ರೂಣದ ಉಳಿವು ಹೀಗೆ ಹಂತಹಂತವಾಗಿ ಅಳೆಯುವುದೇ ದಾರಿ.

ಮೆಕ್ಕೆಜೋಳ ಬಳಸುತ್ತೀರಾದರೆ ಶುರು ಮಾಡುವ ಮುನ್ನವೇ ಜೀರಲೆನೋನ್ ಪರೀಕ್ಷೆ ಮಾಡಿಸಿ. ಬೂಷ್ಟಿನ ಆ ವಿಷ ಈಸ್ಟ್ರೋಜೆನ್ನಿನಂತೆ ವರ್ತಿಸುತ್ತದೆ, ಹಂದಿಗೆ ಅದು ತುಂಬ ಬೇಗ ನಾಟುತ್ತದೆ. ಕುರಿಗೆ ಕ್ಲೋವರ್ ಜಾತಿಯ ಮೇವು ಕೊಡುವುದಾದರೂ ಇದೇ ಎಚ್ಚರ ಇರಲಿ, ಆ ಸೊಪ್ಪಿನಲ್ಲೂ ಈಸ್ಟ್ರೋಜೆನ್ನಿನಂಥ ವಸ್ತು ಇರುತ್ತದೆ, 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಹಿಂಡುಗಳು ಅದರಿಂದಲೇ ಬಂಜೆಯಾದವು. ಮತ್ತೆ ರಕ್ತ ತೆಗೆದಾಗಲೆಲ್ಲ ಸೀರಮ್ಮನ್ನು ಎರಡು ಟ್ಯೂಬಿಗೆ ಹಂಚಿ ಬೇರೆ ಬೇರೆ ಫ್ರೀಜರಿನಲ್ಲಿಡಿ. ಇವತ್ತು ಅಳೆಯಲು ಹಣವಿಲ್ಲದ ಹಾರ್ಮೋನನ್ನು ಮುಂದಿನ ವರ್ಷ ಅಳೆಯಬಹುದು, ತೆಗೆಯದ ರಕ್ತವನ್ನು ಅಳೆಯಲಾಗದು.