ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.: ಏನನ್ನು ನೋಡಿ ಸೇರಬೇಕು?

ಪ್ರಶ್ನೆ: ನಮ್ಮ ಮಗಳು ಮಾನಸಗಂಗೋತ್ರಿಯಲ್ಲಿ ಜೀವರಸಾಯನ ವಿಜ್ಞಾನದ ಎಂ.ಎಸ್ಸಿ. ಮುಗಿಸಿ, ಖಾಸಗಿ ಸಂಶೋಧನಾ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ.ಗೆ ಸೇರಬೇಕೆಂದಿದ್ದಾಳೆ. ಸರ್ಕಾರಿ ವಿಶ್ವವಿದ್ಯಾಲಯದ ಪದವಿಗೆ ಮಾತ್ರ ಬೆಲೆ ಎಂದು ನೆಂಟರು ಹೇಳುತ್ತಿದ್ದಾರೆ. ಇದು ನಿಜವೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಜವಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆಯಿರುವ ಸಂಸ್ಥೆಯು ನಿಯಮದಂತೆ ನೀಡಿದ ಪಿಎಚ್.ಡಿ., ಅದು ಖಾಸಗಿಯದೆಂಬ ಕಾರಣಕ್ಕೆ ಕಡಿಮೆಯಾಗುವುದಿಲ್ಲ. ಆದರೆ ‘ಸಂಶೋಧನಾ ವಿಶ್ವವಿದ್ಯಾಲಯ’ ಎಂಬ ಪ್ರತ್ಯೇಕ ವರ್ಗವೇ ಯುಜಿಸಿ ಕಾಯ್ದೆಯಲ್ಲಿಲ್ಲ. ಖಾಸಗಿ ಸಂಸ್ಥೆಗಳಲ್ಲಿ ಕೆಲವು 1956ರ ಆ ಕಾಯ್ದೆಯ 3ನೇ ಸೆಕ್ಷನ್ನಿನಡಿ ಡೀಮ್ಡ್ (ವಿಶ್ವವಿದ್ಯಾಲಯವೆಂದು ಪರಿಗಣಿತ) ಸ್ಥಾನ ಪಡೆದಿವೆ. ಉಳಿದವು ರಾಜ್ಯ ಶಾಸನದಿಂದ ಹುಟ್ಟಿದವು. ಮೈಸೂರಿನ ಜೆ.ಎಸ್.ಎಸ್. ಉನ್ನತ ಶಿಕ್ಷಣ ಮತ್ತು ಸಂಶೋಧನಾ ಅಕಾಡೆಮಿಗೆ 2008ರಲ್ಲಿ ಡೀಮ್ಡ್ ಸ್ಥಾನ ದೊರೆಯಿತು. ನಿಮ್ಮ ಜಿಲ್ಲೆಯ ಬಿ.ಜಿ. ನಗರದ ಆದಿಚುಂಚನಗಿರಿ ವಿಶ್ವವಿದ್ಯಾಲಯ ಎರಡನೆಯ ಬಗೆಯದು. (ಡೀಮ್ಡ್ ಸಂಸ್ಥೆಗಳು ಹೆಸರಿನಲ್ಲಿ ‘ವಿಶ್ವವಿದ್ಯಾಲಯ’ ಎಂದು ಬಳಸಬಾರದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದರಿಂದ ಹಲವು ಸಂಸ್ಥೆಗಳ ಹೆಸರುಗಳು ಬದಲಾದವು. ಹೆಸರಿನಿಂದ ಗುಣವನ್ನು ಅಳೆಯಲಾಗದು ಎನ್ನಲು ಇದೂ ಒಂದು ಕಾರಣ.)

ನನ್ನ ಅಭಿಪ್ರಾಯದಲ್ಲಿ ನಿಮ್ಮ ಮಗಳು ಆರಿಸಬೇಕಾದದ್ದು ವಿಶ್ವವಿದ್ಯಾಲಯಕ್ಕಿಂತ ಮೊದಲು ಮಾರ್ಗದರ್ಶಕರನ್ನು. ಯುಜಿಸಿಯ 2022ರ ನಿಯಮಾವಳಿಯ ಪ್ರಕಾರ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗಷ್ಟೇ ಮಾರ್ಗದರ್ಶನ ನೀಡಬಹುದು. ಆ ಮಾರ್ಗದರ್ಶಕರ ಬಳಿ ಈಗ ಎಷ್ಟು ಮಂದಿ ಇದ್ದಾರೆ, ಹಿಂದಿನವರು ಎಷ್ಟು ವರ್ಷಗಳಲ್ಲಿ ಪ್ರಬಂಧ ಸಲ್ಲಿಸಿದರು ಎಂದು ಸಂಕೋಚವಿಲ್ಲದೆ ಕೇಳಲಿ. ಅವರ ಕೈಕೆಳಗೆ ಸಿದ್ಧವಾದ ಪ್ರಬಂಧಗಳನ್ನು ‘ಶೋಧಗಂಗಾ’ ಜಾಲತಾಣದಲ್ಲಿ ಹುಡುಕಿ, ಒಂದೆರಡನ್ನಾದರೂ ಓದಲಿ. ಪ್ರಚಾರ ಪುಸ್ತಿಕೆ ಹೇಳದ ಎಷ್ಟೋ ಸಂಗತಿಗಳು ಅಲ್ಲಿ ತಿಳಿಯುತ್ತವೆ. ಜೀವರಸಾಯನದಂತಹ ವಿಷಯದಲ್ಲಿ ಉಪಕರಣ ಇದ್ದರೆ ಸಾಲದು, ರಾಸಾಯನಿಕಗಳ ಖರ್ಚನ್ನು ಯಾರು ಭರಿಸುತ್ತಾರೆ ಎಂಬುದು ಮುಖ್ಯ. ಅನುದಾನಿತ ಯೋಜನೆ ನಡೆಯುತ್ತಿರುವ ಪ್ರಯೋಗಾಲಯಕ್ಕೆ ಸ್ವತಃ ಹೋಗಿ, ಅಲ್ಲಿ ದುಡಿಯುತ್ತಿರುವ ಸಂಶೋಧನಾರ್ಥಿಗಳೊಡನೆ ಮಾರ್ಗದರ್ಶಕರಿಲ್ಲದ ವೇಳೆಯಲ್ಲಿ ಮಾತನಾಡುವುದು ಅತ್ಯಂತ ಉಪಯುಕ್ತ.

ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಹೆಚ್ಚಿನ ವಿನಾಯಿತಿಯೂ 240 ದಿನಗಳವರೆಗಿನ ಹೆರಿಗೆ ರಜೆಯೂ ಇದೆ. ಇಷ್ಟು ವರ್ಷ ಸ್ವಂತ ಹಣದಿಂದ ನಡೆಸುವುದು ಮಧ್ಯಮ ವರ್ಗದ ಕುಟುಂಬಕ್ಕೆ ಭಾರ. ಆದ್ದರಿಂದ ವಾರ್ಷಿಕ ಶುಲ್ಕ, ಶಿಷ್ಯವೇತನದ ಮೊತ್ತ, ಅದು ಎಷ್ಟು ವರ್ಷ ದೊರೆಯುತ್ತದೆ ಎಂಬ ಮೂರನ್ನೂ ಲಿಖಿತವಾಗಿ ಪಡೆದ ನಂತರವೇ ಪ್ರವೇಶ ಶುಲ್ಕ ಕಟ್ಟಿ.