ಬೈಪೋಲಾರ್ ಇರುವವರು ಆಸರೆಗೆ ಯಾರನ್ನು ನೆಚ್ಚಿಕೊಳ್ಳಬೇಕು?

ಎಂಟು ತಿಂಗಳ ಹಿಂದೆ ವೈದ್ಯರು ಬೈಪೋಲಾರ್ ಎಂದು ಹೇಳಿದರು, ಮನೆಯವರು ‘ಧೈರ್ಯವಾಗಿರು’ ಎನ್ನುವುದನ್ನು ಬಿಟ್ಟು ಬೇರೇನೂ ಹೇಳುತ್ತಿಲ್ಲ, ಯಾರನ್ನು ನೆಚ್ಚಿಕೊಳ್ಳಲಿ ಎಂದು ಕೇಳಿದ್ದೀರಿ. ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ಮನಸ್ಸು ಒಮ್ಮೆ ಖಿನ್ನತೆಗೆ ಕುಸಿದು, ಇನ್ನೊಮ್ಮೆ ಉನ್ಮಾದಕ್ಕೆ, ಅಂದರೆ ಮಿತಿಮೀರಿದ ಹುರುಪಿಗೆ ಏರುವ ಈ ಕಾಯಿಲೆಯ ಜೊತೆ ಹನ್ನೊಂದು ವರ್ಷಗಳಿಂದ ಇದ್ದೇನೆ. ಧೈರ್ಯ ಹೇಳುವವರು ಊರು ತುಂಬ ಇದ್ದರೂ ಸಾಲದು. ನಾವು ಚೆನ್ನಾಗಿರುವಾಗಲೇ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಒಪ್ಪಿಸಿಟ್ಟರೆ ಮೂರು ಜನ ಸಾಕು.

ಖಿನ್ನತೆ ಬಂದಾಗ ನನಗೇ ತಿಳಿಯುತ್ತದೆ. ಉನ್ಮಾದ ಬಂದಾಗ ಮಾತ್ರ ಕಾಯಿಲೆ ವಾಸಿಯಾಯಿತೆಂದೇ ಅನಿಸುತ್ತದೆ. ಮೊದಲ ಸಲ ಅದು ಬಂದದ್ದು ರೇಷ್ಮೆ ಹುಳು ಗೂಡು ಕಟ್ಟುವ ಮುಂಚಿನ ಐದನೇ ಹಂತದಲ್ಲಿದ್ದಾಗ. ಆ ದಿನಗಳಲ್ಲಿ ರಾತ್ರಿಯೂ ಸೊಪ್ಪು ಹಾಕಬೇಕಾಗಿ ಯಾರಿಗೂ ಸರಿಯಾದ ನಿದ್ದೆಯಿರುವುದಿಲ್ಲವಾದ್ದರಿಂದ, ನಾನು ಎರಡೇ ಗಂಟೆ ಮಲಗಿ, ಬೆಳಗಿನ ಜಾವ ಮೂರಕ್ಕೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದುದನ್ನು ಕಂಡು ಎಲ್ಲರೂ ದುಡಿಮೆಗಾರನೆಂದು ಮೆಚ್ಚಿದರು. ಗೂಡು ಮಾರಿದ ಹಣವನ್ನೆಲ್ಲ ಓಡದ ಹಳೆಯ ಟೆಂಪೊ ಒಂದಕ್ಕೆ ಮುಂಗಡವಾಗಿ ಕೊಟ್ಟು ಬಂದ ದಿನ ಅವರಿಗೆ ಅನುಮಾನ ಬಂತು. ನಿದ್ದೆ ಕಡಿಮೆಯಾಗುವುದು ಉನ್ಮಾದದ ಲಕ್ಷಣ. ನಿದ್ದೆಗೆಟ್ಟರೆ ಅದು ಕೆರಳುವುದೂ ಉಂಟು.

ಆದ್ದರಿಂದ ಈಗ ನನ್ನ ನಿದ್ದೆಯ ಲೆಕ್ಕ ಹೆಂಡತಿಯದು. ಹಣ ಬಾವಮೈದುನನದು: ಹೆಂಡತಿ ಹೇಳಿದ ದಿನ ನಾನು ಎಟಿಎಂ ಕಾರ್ಡನ್ನು ಅವನ ಕೈಗೆ ಕೊಡಬೇಕು. ಹುಳುಮನೆಯ ರಾತ್ರಿ ಪಾಳಿಯನ್ನು ಪಕ್ಕದ ತೋಟದ ಗೆಳೆಯ ಮಾಡುತ್ತಾನೆ, ಬದಲಿಗೆ ಅವನ ಸೊಪ್ಪನ್ನು ನಾನು ಬೆಳಿಗ್ಗೆ ಕೊಯ್ಯುತ್ತೇನೆ. ಮುಯ್ಯಾಳಾದ್ದರಿಂದ ಯಾರಿಗೂ ಋಣದ ಭಾರವಿಲ್ಲ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೂವರಿಗೂ ಕೊಟ್ಟಿದ್ದೇನೆ. ಮುಂದೆ ಕಾಯಿಲೆ ಉಲ್ಬಣಿಸಿದರೆ ಯಾವ ಚಿಕಿತ್ಸೆ ಬೇಕು, ನಮ್ಮ ಪರವಾಗಿ ಯಾರು ನಿರ್ಧರಿಸಬೇಕು ಎಂದು ಮೊದಲೇ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ನಮಗೆ ಕೊಟ್ಟಿದೆ. ಅದರ ಕ್ರಮವನ್ನು ನಿಮ್ಮ ವೈದ್ಯರಲ್ಲಿ ಕೇಳಿ. ಊರಿಗೆಲ್ಲ ಹೇಳುವ ಅಗತ್ಯ ನನಗಂತೂ ಕಾಣಲಿಲ್ಲ.

ಇದೇ ಕಾಯಿಲೆಯವರ ಸ್ನೇಹ ಬೇರೆಯೇ ಬಗೆಯದು. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕುಳಿತಿದ್ದ ಮೇಷ್ಟ್ರೊಬ್ಬರು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ನನ್ನ ಲೋಟವೂ ಅಲುಗುತ್ತಿತ್ತು. “ಲಿಥಿಯಮ್ಮಾ?” ಎಂದರು. ಈ ಕಾಯಿಲೆಗೆ ನಾವಿಬ್ಬರೂ ನುಂಗುವ ಮಾತ್ರೆ ಅದು, ಕೈ ನಡುಗಿಸುವುದೂ ಉಂಟು. ಆ ಒಂದು ಮಾತಿನಿಂದ ಆದ ಪರಿಚಯ ಇಂದಿಗೂ ಇದೆ. ರಕ್ತದಲ್ಲಿ ಲಿಥಿಯಂ ಪ್ರಮಾಣ ನೋಡಲು ರಾತ್ರಿಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು, ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಆ ಪ್ರಮಾಣ ಏರುತ್ತದೆ, ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು ಎಂಬುದೆಲ್ಲ ನನ್ನ ತಲೆಗೆ ಇಳಿದದ್ದು ಅವರು ಹೇಳಿದ ಮೇಲೆಯೇ. ಹರಕೆಗೆಂದು ಮುರುಗಮಲ್ಲದ ದರ್ಗಾಕ್ಕೆ ಹೋದ ವಿಷಯ ತಿಳಿದಾಗಲೂ ಅವರು ನಗಲಿಲ್ಲ. ಹೋದದ್ದು ತಪ್ಪಲ್ಲ, ಮಾತ್ರೆ ನಿಲ್ಲಿಸಿ ಹೋದದ್ದು ನನ್ನ ತಪ್ಪು.

ಬದುಕೇ ಬೇಡವೆನಿಸಿದ ರಾತ್ರಿ ಇವರ್ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿ ಮಾತನಾಡುತ್ತಾರೆ.

ಒಂದು ಎಚ್ಚರಿಕೆ: ನೀವೇ ಒಪ್ಪಿಸಿದ ಕೆಲಸವನ್ನು ಅವರು ಮಾಡಿದಾಗ ನಿಮಗೆ ಸಿಟ್ಟು ಬರುತ್ತದೆ. ಕಳೆದ ತಿಂಗಳು ಹೆಂಡತಿ “ರೀ, ನಿನ್ನೆ ಎಷ್ಟು ಹೊತ್ತು ಮಲಗಿದ್ರಿ?” ಎಂದು ಕೇಳಿದಾಗ ನಾನು ಊಟದ ತಟ್ಟೆ ಬಿಟ್ಟು ಎದ್ದೆ. ಅವಳು ಮಾತಾಡದೆ ಆ ಹಾಳೆಯನ್ನು ತಂದು ನನ್ನೆದುರು ಇಟ್ಟಳು. ಅದರ ಮೂರನೇ ಸಾಲಿನಲ್ಲಿ ‘ನಿದ್ದೆಯ ವಿಷಯ ಕೇಳಿದರೆ ರೇಗುತ್ತೇನೆ’ ಎಂದು ನನ್ನದೇ ಅಕ್ಷರದಲ್ಲಿತ್ತು. ಕಾರ್ಡನ್ನು ಆ ಸಂಜೆಯೇ ಬಾವಮೈದುನನಿಗೆ ಕೊಟ್ಟು ಬಂದೆ.