ಸೌತೆಕಾಯಿ ಜಜ್ಜಿ, ಹೆಚ್ಚಬೇಡಿ

ಪ್ರಶ್ನೆ: ಅಕ್ಕಾ, ಬಾಂದ್ರಾದ ಒಂದು ಚೈನೀಸ್ ಹೋಟೆಲಿನಲ್ಲಿ ಖಾರದ ಸೌತೆಕಾಯಿ ಸಲಾಡ್ ತಿಂದೆವು. ನಾಲಿಗೆ ಜುಮ್ಮೆನ್ನುತ್ತಿತ್ತು. ಮನೆಯಲ್ಲಿ ಸೋಯಾ ಸಾಸ್, ಬಿಳಿ ವಿನೆಗರ್, ಖಾರದ ಪುಡಿ ಹಾಕಿ ಮಾಡಿದೆ. ಸ್ವಲ್ಪ ಹೊತ್ತಿಗೇ ನೀರು ಬಿಟ್ಟು ಸಪ್ಪೆಯಾಯಿತು. ಜುಮ್ಮೂ ಇಲ್ಲ. ಏನು ಮಾಡಲಿ?
ಓದುಗರೊಬ್ಬರು, ಮುಲುಂಡ್

ಉತ್ತರ: ಮೊದಲು ನೀರಿನ ವಿಷಯ. ನಮ್ಮ ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕುತ್ತೇವೆ, ಅಲ್ವಾ? ಇಲ್ಲಿ ಉಲ್ಟಾ. ಉಪ್ಪು ಮೊದಲೇ ಹಾಕಿ ನೀರು ಇಳಿಸಿಬಿಡಬೇಕು. ಪುಣೆಯವರು ಖಮಂಗ್ ಕಾಕ್ಡಿಗೆ ಕೊಚ್ಚಿದ ಸೌತೆಯನ್ನು ಹಿಂಡುತ್ತಾರಲ್ಲ, ಅದೇ ಉಪಾಯ.

ಅರ್ಧ ಕಿಲೋ ಎಳೆ ಸೌತೆಕಾಯಿ ತನ್ನಿ. ಎರಡೂ ತುದಿ ಕತ್ತರಿಸಿ ರುಚಿ ನೋಡಿ. ಕಹಿ ಇದ್ದರೆ ಹೆಚ್ಚಾಗಿ ತೊಟ್ಟಿನ ಕಡೆಗೇ ಇರುತ್ತದೆ. ಹಲಗೆಯ ಮೇಲಿಟ್ಟು ಲಟ್ಟಣಿಗೆಯಿಂದ ಒಂದೆರಡು ಏಟು ಹಾಕಿ. ಸಿಪ್ಪೆ ಸೀಳಿದರೆ ಸಾಕು. ಚೀನಾದಲ್ಲಿ ಅಗಲ ಕತ್ತಿಯ ಚಪ್ಪಟೆ ಮೈಯಿಂದ ಬಡಿಯುತ್ತಾರೆ. ಚಾಕುವಿನಿಂದ ಹೆಚ್ಚಿದ ಹೋಳು ನುಣ್ಣಗಿರುತ್ತದೆ, ಅದರಿಂದ ಮಸಾಲೆ ಜಾರಿಹೋಗುತ್ತದೆ. ಜಜ್ಜಿದ ಹೋಳಿನ ಒರಟು ಮೈ ಅದನ್ನು ಹಿಡಿದುಕೊಳ್ಳುತ್ತದೆ. ತುತ್ತಿನ ಗಾತ್ರಕ್ಕೆ ಮುರಿದು, ಒಂದು ಸಣ್ಣ ಚಮಚ ಉಪ್ಪು ಬೆರೆಸಿ, ತೂತಿನ ಪಾತ್ರೆಯಲ್ಲಿ 20 ನಿಮಿಷ ಬಿಡಿ. ಇಳಿದ ನೀರನ್ನು ಚೆಲ್ಲಿ.

ಇನ್ನು ಜುಮ್ಮು. ಅದು ಮೆಣಸಿನಕಾಯಿಯ ಕೆಲಸ ಅಲ್ಲ, ಸಿಚುವಾನ್ ಪೆಪ್ಪರ್ ಎಂಬ ಚೀನೀ ಮಸಾಲೆಯದು. ಅದಕ್ಕಾಗಿ ಆಮದು ಅಂಗಡಿ ಹುಡುಕಬೇಕಿಲ್ಲ. ನಮ್ಮ ಕುಮಟಾ ಕಡೆ ಬಂಗಡೆ ಸಾರಿಗೆ ಹಾಕುವ ಜುಮ್ಮನಕಾಯಿ ಅದೇ ಕುಲದ್ದು! ಮಾಟುಂಗಾದಲ್ಲಿ ಕರಾವಳಿ ಸಾಮಾನು ಮಾರುವ ಕಡೆ ತಿರಫಳ ಅಥವಾ ತೆಪ್ಪಳ ಎಂದು ಕೇಳಿ. ಒಳಗಿನ ಕಪ್ಪು ಬೀಜ ಬಿಸಾಡಿ. ಒಣ ಸಿಪ್ಪೆಯನ್ನು ಹದವಾಗಿ ಬಿಸಿ ಮಾಡಿ ಪುಡಿ ಮಾಡಿ. ಪರಿಮಳ ಸ್ವಲ್ಪ ಬೇರೆ, ಆದರೆ ನನಗೆ ಇದೇ ಇಷ್ಟ. ಚಿಟಿಕೆಗಿಂತ ಜಾಸ್ತಿ ಬೇಡ.

ಖಾರದ ಪುಡಿಯನ್ನು ಹಸಿಯಾಗಿ ಉದುರಿಸಬೇಡಿ. ಎರಡು ಚಮಚ ತರಿ ಬ್ಯಾಡಗಿ ಪುಡಿ, ಸ್ವಲ್ಪ ಎಳ್ಳು, ಆ ತಿರಫಳದ ಪುಡಿ ಒಂದು ಸ್ಟೀಲ್ ಬಟ್ಟಲಲ್ಲಿರಲಿ. ಕಾಲು ಕಪ್ ಶೇಂಗಾ ಎಣ್ಣೆ ಚೆನ್ನಾಗಿ ಕಾಯಿಸಿ, ಒಲೆ ಆರಿಸಿ, ಒಂದೆರಡು ನಿಮಿಷ ತಡೆಯಿರಿ. ಒಂದು ಚೂರು ಪುಡಿ ಹಾಕಿ ನೋಡಿ. ನೊರೆಯಬೇಕು, ಕಪ್ಪಾಗಬಾರದು. ಆಗ ಸುರಿಯಿರಿ. ಈ ಎಣ್ಣೆಗೆ ಹಸಿ ಬೆಳ್ಳುಳ್ಳಿ ಹಾಕಿ ಹೊರಗೆ ಇಟ್ಟುಕೊಳ್ಳಲೇಬೇಡಿ, ಅದರಲ್ಲಿ ಅಪಾಯದ ವಿಷ ಹುಟ್ಟಬಹುದು. ಬೆಳ್ಳುಳ್ಳಿಯನ್ನು ಆಗಿಂದಾಗ ಜಜ್ಜಿ ಸಲಾಡಿಗೇ ಹಾಕಿ, ನಾಲ್ಕು ಎಸಳು.

ಚೀನೀಯರು ಅಂಟಕ್ಕಿಯಿಂದ ಮಾಡಿದ ಕಪ್ಪು ವಿನೆಗರ್ ಬಳಸುತ್ತಾರೆ. ಜಿಯಾಂಗ್ಸು ಪ್ರಾಂತ್ಯದ ಜೆನ್‌ಜಿಯಾಂಗ್ ಊರಿನದು ಹೆಸರುವಾಸಿ. ಬಿಳಿ ವಿನೆಗರ್‌ಗೆ ಸುಮ್ನೆ ಹುಳಿ ಮಾತ್ರ. ಗೋವಾದ ತೆಂಗಿನ ಕಳ್ಳಿನ ವಿನೆಗರ್ ಒಂದೂವರೆ ದೊಡ್ಡ ಚಮಚಕ್ಕೆ ಚೂರು ಬೆಲ್ಲ ಕರಗಿಸಿ ಹಾಕಿ, ಎಷ್ಟೋ ವಾಸಿ. ಲೈಟ್ ಸೋಯಾ ಒಂದು ದೊಡ್ಡ ಚಮಚ. ನಮ್ಮ ಎಳ್ಳೆಣ್ಣೆ ಹುರಿಯದ ಎಳ್ಳಿನದು, ಆ ಘಮ ಬರುವುದಿಲ್ಲ. ಬದಲಿಗೆ ಎಳ್ಳನ್ನು ಕೆಂಪಗೆ ಹುರಿದು ಕುಟ್ಟಿ ಹಾಕಿ. ಕೊನೆಗೆ ಖಾರದ ಎಣ್ಣೆ ಒಂದು ದೊಡ್ಡ ಚಮಚ.

ಪ್ರಶ್ನೆ: ಇದನ್ನು ಆಫೀಸಿನ ಡಬ್ಬಿಗೆ ಕಟ್ಟಬಹುದಾ?
ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕಟ್ಟಬಹುದು. ನೀರಿಳಿದ ಸೌತೆಕಾಯಿ ಒಂದು ಡಬ್ಬಿಯಲ್ಲಿ, ವಿನೆಗರ್-ಸೋಯಾ ಪುಟ್ಟ ಬಾಟಲಿಯಲ್ಲಿ. ಆಫೀಸಿಗೆ ಹೋದ ಕೂಡಲೇ ಎರಡನ್ನೂ ಫ್ರಿಜ್‌ನಲ್ಲಿಡಿ, ಊಟಕ್ಕೆ ಕೂತಾಗ ಬೆರೆಸಿ. ಫ್ರಿಜ್ ಇಲ್ಲದ ಆಫೀಸಾದರೆ ಬೇಸಿಗೆಯಲ್ಲಿ ಬೇಡ.